ಮನೆ ಮಟ್ಟಿಗೆ ಭಟ್ಟಿ ಇಳಿಸಿದರೆ ತಪ್ಪೇನು?

ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಊರಿನ ಯುವಕರು ಸೇರಿ ಕಾನೂನು ಅರಿವು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಜನ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ವೇದಿಕೆ ಮೇಲಿರುವ ಹಿರಿಯರಿಗೆ, ಮುಂದೆ ಕೂತಿರುವ ಅಕ್ಕಂದಿರಿಗೆ, ಬಾಗಿಲ ಹತ್ತಿರ ನಿಂತಿರುವ ಹುಡುಗರಿಗೆ ನಮಸ್ಕಾರ. ಹುಡುಗರು ಒಳಗೆ ಬಂದು ಕೂತುಕೊಳ್ಳಿ. ಈ ಮಾತು ಜಾಸ್ತಿ ಬೇಕಾಗಿರುವುದು ನಿಮಗೇ.

ನಾನು ಮಂಡ್ಯ ಕೋರ್ಟಿನಲ್ಲಿ ವಕೀಲ. ಅಬಕಾರಿ ಕೇಸುಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಕೇಸು ಹಾಕಿಸಿಕೊಂಡು ಬಂದವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ. "ಮಾರೋದಕ್ಕಲ್ಲ ಸಾರ್, ಮನೆ ಮಟ್ಟಿಗೆ ಮಾಡ್ಕೊಂಡಿದ್ದೆ." ನಮ್ಮ ತಾತನ ಕಾಲದಲ್ಲಿ ಮಾಡುತ್ತಿರಲಿಲ್ಲವಾ, ಬೆಲ್ಲ ನಮ್ಮದೇ, ಸೌದೆ ನಮ್ಮದೇ, ಕುಡಿಯುವ ಬಾಯಿ ನಮ್ಮದೇ, ಇದರಲ್ಲಿ ಸರ್ಕಾರಕ್ಕೇನು ಕೆಲಸ ಅಂತ ಕೇಳುತ್ತಾರೆ. ಮೈಸೂರಿನಲ್ಲಿ ಕಾಲೇಜು ಓದುವ ಹುಡುಗರು ಇದನ್ನೇ ಬೇರೆ ಥರ ಕೇಳುತ್ತಾರೆ. ಯೂಟ್ಯೂಬಿನಲ್ಲಿ ತಾಮ್ರದ ಭಟ್ಟಿ ಇಟ್ಟುಕೊಂಡು ಮನೆಯಲ್ಲೇ ವಿಸ್ಕಿ ಇಳಿಸುವ ವಿಡಿಯೊ ನೋಡಿರುತ್ತಾರೆ. "ಅವರು ಮುಖ ತೋರಿಸಿಕೊಂಡೇ ಮಾಡ್ತಾರಲ್ಲ ಅಂಕಲ್, ನಮಗ್ಯಾಕೆ ಆಗಲ್ಲ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಗಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಒಂದು ಲೋಟ ಸಾರಾಯಿ ಇಳಿಸಿದರೂ ಅದು ಅಪರಾಧ. ಮಾರಿದರೂ ಅಪರಾಧ, ನೀವೇ ಕುಡಿದರೂ ಅಪರಾಧ, ಇಳಿಸಿ ಹಾಗೇ ಅಟ್ಟದ ಮೇಲೆ ಇಟ್ಟರೂ ಅಪರಾಧ. "ಮನೆ ಮಟ್ಟಿಗೆ" ಅನ್ನುವ ಮಾತಿಗೆ ಕಾಯ್ದೆಯಲ್ಲಿ ಜಾಗವೇ ಇಲ್ಲ. ಇದು ಗೊತ್ತಿಲ್ಲದೆ ಒಲೆ ಹಚ್ಚಿದವರನ್ನು, ಗೊತ್ತಿಲ್ಲದೆ ಕೊಟ್ಟಿಗೆಯ ಬೀಗದ ಕೈ ಕೊಟ್ಟವರನ್ನು ನಾನು ತುಂಬ ನೋಡಿದ್ದೇನೆ. ಈ ಊರಿನವರು ಆ ಸಾಲಿಗೆ ಸೇರಬಾರದು ಅಂತಲೇ ಇವತ್ತು ಬಂದಿದ್ದೇನೆ.

ಕಾಯ್ದೆಯ ಹೆಸರು ಕರ್ನಾಟಕ ಅಬಕಾರಿ ಕಾಯ್ದೆ, 1965. ಅದರ 13ನೇ ಕಲಂ ಓದಿದರೆ ಯಾವುದು ಮಾಡಬಾರದು ಅನ್ನುವುದು ಗೊತ್ತಾಗುತ್ತದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಬಾರದು. ಅಷ್ಟೇ ಆಗಿದ್ದರೆ ಎಲ್ಲರಿಗೂ ಅರ್ಥ ಆಗುತ್ತಿತ್ತು. ಆದರೆ ಕಲಂ ಅಲ್ಲಿಗೆ ನಿಲ್ಲುವುದಿಲ್ಲ. ಮದ್ಯ ತಯಾರಿಸುವುದಕ್ಕಾಗಿ ಸಾಮಾನು, ಭಟ್ಟಿ, ಪಾತ್ರೆ, ಪೈಪು ಇಟ್ಟುಕೊಳ್ಳುವುದೂ ತಪ್ಪು ಅನ್ನುತ್ತದೆ. ಅಂದರೆ ಸಾರಾಯಿ ಇನ್ನೂ ಇಳಿದೇ ಇಲ್ಲ, ಬರೀ ಬೆಲ್ಲದ ಕೊಳೆ ಡ್ರಮ್ಮಿನಲ್ಲಿ ಹುಳಿಯುತ್ತಾ ಇದೆ ಅಂದರೂ ಕೇಸು ಆಗುತ್ತದೆ. "ಇನ್ನೂ ಮಾಡೇ ಇರಲಿಲ್ಲ ಸಾರ್" ಅನ್ನುವ ವಾದ ನಡೆಯುವುದಿಲ್ಲ.

ಒಂದು ಮಹಜರಿನ ವಿವರ ಹೇಳುತ್ತೇನೆ. ಊರು, ಹೆಸರು ಬೇಡ. ಕಬ್ಬಿನ ಗದ್ದೆ ಮಧ್ಯೆ ಒಂದು ಪಂಪ್‌ಸೆಟ್ ಮನೆ. ಅದರ ಹಿಂದೆ ಎರಡು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಬಾಯಿಗೆ ಗೋಣಿಚೀಲ ಕಟ್ಟಿದೆ, ಒಳಗೆ ಕೊಳೆ. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಮಸಿ ಹಿಡಿದ ಅಲ್ಯೂಮಿನಿಯಂ ಹಂಡೆ, ಅದರ ಮೇಲೆ ಬೋರಲು ಹಾಕುವ ಮಡಕೆ, ಸಂದಿಗೆ ಮೆತ್ತಿದ ಮಣ್ಣು ಇನ್ನೂ ಪೂರ್ತಿ ಒಣಗಿಲ್ಲ, ಒಂದು ತುಂಡು ಪೈಪು. ಸಾರಾಯಿ ಒಂದು ತೊಟ್ಟೂ ಸಿಗಲಿಲ್ಲ. ಅಬಕಾರಿಯವರು ಕೊಳೆಯನ್ನು ಬಾಟಲಿಗೆ ತುಂಬಿ, ಅರಗು ಹಾಕಿ ಸೀಲ್ ಮಾಡಿದರು. ಉಳಿದದ್ದನ್ನು ಅಲ್ಲೇ ನೆಲಕ್ಕೆ ಚೆಲ್ಲಿದರು. ಇಬ್ಬರು ಪಂಚರು, ಅಂದರೆ ಸ್ಥಳದ ಸಾಕ್ಷಿಗಳು, ರುಜು ಹಾಕಿದರು. ಮೂಲೆಯಲ್ಲಿ ನಿಂತಿದ್ದ ಬೈಕೂ ಜಪ್ತಿ ಆಯಿತು.

ಭಟ್ಟಿ ಇಟ್ಟವನು ಅಷ್ಟರಲ್ಲಿ ನಾಲೆ ಏರಿ ದಾಟಿ ಹೋಗಿದ್ದ. ಸಿಕ್ಕಿಬಿದ್ದದ್ದು ಪಂಪ್‌ಸೆಟ್ ಮನೆಯ ಯಜಮಾನ. ವಯಸ್ಸಾದವರು, ಒಂದು ಬೀಡಿ ಸಹ ಸೇದದ ಮನುಷ್ಯ. "ಸೌದೆ ಇಟ್ಕೋತೀನಿ ಮಾವ ಅಂದ, ಬೀಗದ ಕೈ ಕೊಟ್ಟೆ" ಅಂದರು. ಅಬಕಾರಿ ಕಾಯ್ದೆಯ 38-ಎ ಕಲಂ ಇರುವುದೇ ಇಂಥವರಿಗೆ. ಗೊತ್ತಿದ್ದೂ ಮನೆ, ಜಮೀನು, ಗಾಡಿ, ಪಾತ್ರೆ ಏನನ್ನಾದರೂ ಈ ಕೆಲಸಕ್ಕೆ ಬಿಟ್ಟುಕೊಟ್ಟರೆ ಅದೂ ಅಪರಾಧ. "ಗೊತ್ತಿದ್ದೂ" ಅನ್ನುವುದರಲ್ಲೇ ಅವರ ಬಚಾವ್ ಇತ್ತು. ಕೊನೆಗೆ ಬಿಡುಗಡೆಯೂ ಆಯಿತು. ಆದರೆ ಅಷ್ಟು ಹೊತ್ತಿಗೆ ಎಷ್ಟು ವಾಯಿದೆ, ಎಷ್ಟು ಸಲ ಬಸ್ಸು, ಎಷ್ಟು ದಿನದ ಗದ್ದೆ ಕೆಲಸ ಹಾಳು! ಮಗಳ ಮದುವೆ ಮಾತುಕತೆಗೆ ಬಂದವರು ಕೇಸಿನ ಸುದ್ದಿ ಕೇಳಿ ವಾಪಸು ಹೋದರು. ಆ ನಷ್ಟವನ್ನು ಯಾವ ನ್ಯಾಯಾಲಯವೂ ತುಂಬಿಕೊಡುವುದಿಲ್ಲ.

ಶಿಕ್ಷೆ ಎಷ್ಟು ಅಂತ ಕೇಳಬಹುದು. 32ನೇ ಕಲಂ ಪ್ರಕಾರ 5 ವರ್ಷದವರೆಗೆ ಕಠಿಣ ಸೆರೆವಾಸ, ಮೇಲೆ ದಂಡ. ಅಪರಾಧ ಸಾಬೀತಾದರೆ ಮೊದಲ ಸಲವೇ ಕನಿಷ್ಠ 1 ವರ್ಷ ಅಂತ ಕಾಯ್ದೆ ಹೇಳುತ್ತದೆ. ಇದು ಜಾಮೀನು ರಹಿತ ಅಪರಾಧ. ಅಂದರೆ ಜಾಮೀನು ಸಿಗುವುದೇ ಇಲ್ಲ ಅಂತಲ್ಲ. ಠಾಣೆಯಲ್ಲಿ ಬರೆದುಕೊಟ್ಟು ಮನೆಗೆ ಬರುವುದಕ್ಕೆ ಆಗಲ್ಲ, ಕೋರ್ಟಿಗೇ ಅರ್ಜಿ ಹಾಕಬೇಕು. ಶುಕ್ರವಾರ ಸಂಜೆ ಹಿಡಿದರೆ ಶನಿವಾರ, ಭಾನುವಾರ ಎಲ್ಲಿರುತ್ತೀರಿ ಅಂತ ಯೋಚನೆ ಮಾಡಿ.

ಬೈಕಿನ ವಿಷಯ ಬೇರೆಯೇ. ಜೈಲಿಗಿಂತ ಜಾಸ್ತಿ ಮನೆಯವರನ್ನು ಹೊಡೆಯುವುದು ಇದು. ಅಬಕಾರಿ ಮಾಲು ಸಾಗಿಸಿದ ಗಾಡಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಇಲಾಖೆಯ ಅಧಿಕಾರಿಗೇ ಇದೆ. ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಒಂದು ಕಡೆ ನಡೆಯುತ್ತದೆ, ಗಾಡಿಯದು ಇಲಾಖೆಯಲ್ಲಿ ಇನ್ನೊಂದು ಕಡೆ. ಕೇಸು ಮುಗಿಯುವ ತನಕ ಗಾಡಿ ಬಿಸಿಲು ಮಳೆಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ, ಇತ್ತ ಕಡೆ ಫೈನಾನ್ಸಿನವರ ಕಂತು ನಿಲ್ಲುವುದಿಲ್ಲ. ಎಷ್ಟೋ ಸಲ ಗಾಡಿ ತಂಗಿಯ ಗಂಡನದ್ದೋ, ಪಕ್ಕದ ಮನೆ ಹುಡುಗನದ್ದೋ ಆಗಿರುತ್ತದೆ. ಆದ್ದರಿಂದ ಗಾಡಿ ಕೇಳಿದವನನ್ನು, ಯಾಕಪ್ಪಾ ಬೇಕು ಅಂತ ಕೇಳಿಯೇ ಕೊಡಿ. ಕೇಳಿದರೆ ಸಂಬಂಧ ಹಾಳಾಗುವುದಿಲ್ಲ.

ಇಲ್ಲಿ ಜನರಿಗೆ ಒಂದು ಗೊಂದಲ ಇದೆ. "2.3 ಲೀಟರ್ ತನಕ ಇಟ್ಕೋಬಹುದಂತಲ್ಲ?" ಅಂತ ಕೇಳುತ್ತಾರೆ. ಕೊರೊನಾ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿ, 2020ರ ಮೇ 4ಕ್ಕೆ ಮತ್ತೆ ತೆರೆದಾಗ ಈ ಲೆಕ್ಕ ಎಲ್ಲ ಪೇಪರಿನಲ್ಲೂ ಬಂತು. ಒಬ್ಬರಿಗೆ 2.3 ಲೀಟರ್ ಮದ್ಯ, 18.2 ಲೀಟರ್ ಬಿಯರ್ ಅಂತ. ಅದು ಅಂಗಡಿಯಲ್ಲಿ ಕೊಂಡ, ಸುಂಕ ಕಟ್ಟಿದ ಮಾಲಿನ ಲೆಕ್ಕ. ಮನೆಯಲ್ಲಿ ಇಳಿಸಿದ ಮಾಲಿಗೆ ಲೀಟರ್ ಲೆಕ್ಕವೇ ಇಲ್ಲ. ಅಲ್ಲಿ ಅಳತೆ ಸೊನ್ನೆ.

ಇನ್ನು, ಕಾನೂನು ಇಷ್ಟು ಬಿಗಿ ಯಾಕೆ ಅನ್ನುವ ವಿಚಾರಕ್ಕೆ ಬರೋಣ. ಊರಿನ ಅರಳಿಕಟ್ಟೆ ಮೇಲೆ ಇದಕ್ಕೆ ಸಿದ್ಧ ಉತ್ತರ ಇದೆ. "ಸರ್ಕಾರಕ್ಕೆ ದುಡ್ಡು ಬೇಕು, ಅದಕ್ಕೇ." ಆ ಮಾತಿನಲ್ಲಿ ನಿಜ ಇದೆ, ನಾನು ಅಲ್ಲಗಳೆಯುವುದಿಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮದ್ಯದ ತಯಾರಿಕೆ, ಸಾಗಣೆ, ಮಾರಾಟ ಎಲ್ಲವನ್ನೂ ರಾಜ್ಯದ ಕೈಗೆ ಕೊಟ್ಟಿದ್ದಾರೆ. ಅದರ ಮೇಲೆ ಸುಂಕ ಹಾಕುವ ಅಧಿಕಾರವೂ ರಾಜ್ಯದ್ದೇ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿದ್ದರು. ಅದೇ ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ಪ್ರಯತ್ನ ಮಾಡಿ ಅಂತ ರಾಜ್ಯಕ್ಕೆ ಹೇಳುತ್ತದೆ. ಒಂದು ಕೈಯಲ್ಲಿ ಗುರಿ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಬುದ್ಧಿ ಹೇಳುವುದು ಸರಿಯಲ್ಲ, ಅದು ನನ್ನ ಮನಸ್ಸಿಗೆ ಚುಚ್ಚುವ ವಿಷಯ. ಆದರೆ ಕೋರ್ಟಿನಲ್ಲಿ ಈ ವಾದದಿಂದ ಯಾರೂ ಗೆದ್ದಿಲ್ಲ. ಖೋಡೆ ಡಿಸ್ಟಿಲರೀಸ್ ಅನ್ನುವ ಮದ್ಯದ ಕಂಪನಿ ಕರ್ನಾಟಕ ಸರ್ಕಾರದ ವಿರುದ್ಧ ಹಾಕಿದ ಕೇಸಿನಲ್ಲೇ ಸುಪ್ರೀಂ ಕೋರ್ಟು ಇದನ್ನು ತೀರ್ಮಾನ ಮಾಡಿದೆ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ. ಅಷ್ಟು ದೊಡ್ಡ ಕಂಪನಿಗೇ ಇಲ್ಲದ ಹಕ್ಕು ನಮ್ಮ ಪಂಪ್‌ಸೆಟ್ ಮನೆಗೆ ಎಲ್ಲಿಂದ ಬರಬೇಕು?

ದುಡ್ಡಿನ ಮಾತು ಪಕ್ಕಕ್ಕಿಡಿ. ಇನ್ನೊಂದು ಕಾರಣ ಇದೆ, ನನಗೆ ಮುಖ್ಯ ಅದು. ಜೀವ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು. ಒಂದು ವರ್ಷವೂ ತುಂಬಿರಲಿಲ್ಲ, 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿಯಲ್ಲಿ ಸೇರಿ 150ಕ್ಕೂ ಹೆಚ್ಚು ಜನ ಹೋದರು. ಮೊನ್ನೆ ಮೊನ್ನೆ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರು ಬಹುಪಾಲು ಕೂಲಿ ಮಾಡುವವರು. ಬೆಳಿಗ್ಗೆ ಕೆಲಸಕ್ಕೆ ಹೋಗಿ, ಸಂಜೆ ಮೈಕೈ ನೋವಿಗೆ ಅಂತ ಒಂದಿಷ್ಟು ಕುಡಿದವರು.

ಕೊಲ್ಲುವ ವಸ್ತುವಿನ ಹೆಸರು ಮೆಥನಾಲ್. ನಾವು ಮದ್ಯ ಅನ್ನುವುದರಲ್ಲಿ ಇರುವುದು ಎಥನಾಲ್. ಎರಡೂ ನೀರಿನ ಹಾಗೇ ಕಾಣುತ್ತವೆ, ವಾಸನೆಯೂ ಹತ್ತಿರ ಹತ್ತಿರ. ಮೆಥನಾಲ್ ಬಣ್ಣ, ವಾರ್ನಿಷ್, ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾದ ಸಾಮಾನು. ಹೊಟ್ಟೆಗೆ ಹೋದರೆ ನಮ್ಮ ಪಿತ್ತಜನಕಾಂಗ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಆ ಆಮ್ಲ ಮೊದಲು ಹೋಗಿ ಹಿಡಿಯುವುದು ಕಣ್ಣಿನ ನರವನ್ನು. ಕೆಲವೇ ಚಮಚ ಸಾಕು ಕಣ್ಣು ಹೋಗುವುದಕ್ಕೆ. ಸ್ವಲ್ಪ ಜಾಸ್ತಿ ಆದರೆ ಪ್ರಾಣವೇ ಹೋಗುತ್ತದೆ.

ಇಲ್ಲಿ ನಿಜವನ್ನು ನಿಜವಾಗಿಯೇ ಹೇಳಬೇಕು, ಹೆದರಿಸುವುದಕ್ಕೆ ಅಂತ ಸುಳ್ಳು ಹೇಳಬಾರದು. ಬರೀ ಬೆಲ್ಲ ಕೊಳೆಸಿ ಇಳಿಸಿದ ಸಾರಾಯಿಯಲ್ಲಿ ಮೆಥನಾಲ್ ಹುಟ್ಟುವುದು ತೀರ ಕಡಿಮೆ. ಹಣ್ಣು ಕೊಳೆಸಿದರೆ ಸ್ವಲ್ಪ ಜಾಸ್ತಿ. ಊರಿಗೆ ಊರೇ ಮಲಗುವ ದುರಂತಗಳು ಆಗುವುದು ಸಾಮಾನ್ಯವಾಗಿ ಕಾರ್ಖಾನೆಯ ಮೆಥನಾಲನ್ನು ಯಾರೋ ನೀರಿಗೆ ಬೆರೆಸಿ ಮಾರಿದಾಗ. "ಹಂಗಾದ್ರೆ ನಾನೇ ಮಾಡಿಕೊಂಡ್ರೆ ಭಯ ಇಲ್ವಲ್ಲ" ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಬುದ್ಧಿವಂತ ಪ್ರಶ್ನೆ. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ.

ಮೊದಲನೆಯದು ಬೆಂಕಿ. ಭಟ್ಟಿಯಿಂದ ಬರುವುದು ಉರಿಯುವ ಆವಿ. ಮೆತ್ತಿದ ಮಣ್ಣು ಬಿರುಕು ಬಿಟ್ಟು ಆವಿ ಒಲೆಯ ಕಡೆ ತಿರುಗಿದರೆ ಪಂಪ್‌ಸೆಟ್ ಮನೆಯ ಜೊತೆ ಕಬ್ಬೂ ಹೋಗುತ್ತದೆ. ಎರಡನೆಯದು ಪಾತ್ರೆ. ಹಳೇ ರೇಡಿಯೇಟರ್, ಸೀಸದ ಬೆಸುಗೆ ಇರುವ ಪೈಪು ಬಳಸಿದರೆ ಸೀಸ ಸಾರಾಯಿಯಲ್ಲಿ ಇಳಿಯುತ್ತದೆ. ಅದು ಒಂದೇ ದಿನಕ್ಕೆ ಕೊಲ್ಲುವುದಿಲ್ಲ, ನಿಧಾನವಾಗಿ ನರ ತಿನ್ನುತ್ತದೆ. ಬೇಗ ಹುಳಿಯಲಿ, ಕಿಕ್ ಜಾಸ್ತಿ ಬರಲಿ ಅಂತ ನವಸಾಗರ, ಯೂರಿಯಾ, ಬ್ಯಾಟರಿ ಒಳಗಿನ ಪುಡಿ ಹಾಕುವವರಿದ್ದಾರೆ. ಎಲ್ಲದಕ್ಕಿಂತ ದೊಡ್ಡದು ಅಳತೆ ಇಲ್ಲದಿರುವುದು. ಅಂಗಡಿಯ ಬಾಟಲಿ ಮೇಲೆ ಮದ್ಯದ ಪ್ರಮಾಣ ಶೇಕಡಾ ಇಷ್ಟು ಅಂತ ಬರೆದಿರುತ್ತದೆ. ಮಡಕೆಯಿಂದ ಇಳಿದದ್ದರ ಮೇಲೆ ಏನು ಬರೆದಿರುತ್ತದೆ? ಮೊದಲು ಇಳಿದದ್ದು ಒಂದು ಥರ ಖಾರ, ಕೊನೆಗೆ ಇಳಿದದ್ದು ಇನ್ನೊಂದು ಥರ ಸಪ್ಪೆ. ಅದೇ ಲೋಟದಲ್ಲಿ ಅದೇ ಅಳತೆ ಕುಡಿದವನಿಗೆ ಎಷ್ಟು ಹೋಯಿತು ಅಂತ ಅವನಿಗೇ ಗೊತ್ತಿರುವುದಿಲ್ಲ.

ಇನ್ನೊಂದು ನಂಬಿಕೆಯನ್ನು ಇವತ್ತೇ ಬಿಟ್ಟುಬಿಡಿ. ಕಡ್ಡಿ ಗೀರಿ ನೋಡಿದಾಗ ನೀಲಿಯಾಗಿ ಉರಿದರೆ ಒಳ್ಳೇ ಮಾಲು ಅನ್ನುತ್ತಾರೆ. ಮೆಥನಾಲೂ ನೀಲಿಯಾಗಿಯೇ ಉರಿಯುತ್ತದೆ, ಹಗಲಿನಲ್ಲಿ ಆ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಬೆಂಕಿ ಹಚ್ಚಿ, ಮೂಸಿ, ನಾಲಿಗೆ ತುದಿಗೆ ಇಟ್ಟು ವಿಷ ಕಂಡುಹಿಡಿಯುವುದಕ್ಕೆ ಯಾರಿಂದಲೂ ಸಾಧ್ಯ ಇಲ್ಲ. ಅದಕ್ಕೆ ಲ್ಯಾಬೇ ಬೇಕು.

ಮನೆ ಮಟ್ಟಿಗೆ ಅಂತ ಶುರು ಮಾಡಿದ್ದು ಮನೆ ಮಟ್ಟಿಗೇ ನಿಲ್ಲುವುದೂ ಕಡಿಮೆ. ನನ್ನ ಹತ್ತಿರ ಬಂದವರಲ್ಲಿ ಮೊದಲ ದಿನವೇ ಮಾರಬೇಕು ಅಂತ ಹೊರಟವರು ಬಹಳ ಇಲ್ಲ. ಹಬ್ಬಕ್ಕೆ ಬಂದ ಭಾವನಿಗೆ ಒಂದು ಬಾಟಲಿ ಕೊಟ್ಟ. ಪಕ್ಕದ ಗದ್ದೆಯವನು ಕೇಳಿದ, ಕೊಟ್ಟ. ಬೆಲ್ಲದ ದುಡ್ಡಾದರೂ ತಗೋ ಅಂತ ಅವನು ನೂರು ರೂಪಾಯಿ ಜೇಬಿಗೆ ತುರುಕಿದ. ಆ ನೂರು ರೂಪಾಯಿ ಜೇಬಿಗೆ ಬಿದ್ದ ಗಳಿಗೆಯಿಂದ ಇಳಿಸಿದವನು ಕಾನೂನಿನ ಕಣ್ಣಲ್ಲಿ ವ್ಯಾಪಾರಿ.

ಬೇರೆ ಕಡೆ ಬಿಟ್ಟಿದ್ದಾರಲ್ಲ ಅನ್ನುವ ಮಾತಿಗೆ ಬರುತ್ತೇನೆ. ಹೌದು, ಬಿಟ್ಟಿದ್ದಾರೆ. ನ್ಯೂಜಿಲೆಂಡಿನಲ್ಲಿ 1996ರಿಂದ ಸ್ವಂತಕ್ಕೆ ಮನೆಯಲ್ಲಿ ಭಟ್ಟಿ ಇಳಿಸಬಹುದು, ಮಾರುವ ಹಾಗಿಲ್ಲ. ನೀವು ನೋಡುವ ಎಷ್ಟೋ ವಿಡಿಯೊಗಳು ಅಲ್ಲಿನವು. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದಕ್ಕೆ 1978ರಲ್ಲಿ ಒಪ್ಪಿಗೆ ಕೊಟ್ಟರು. ಆದರೆ ಅದೇ ಕಾನೂನಿನಲ್ಲಿ ಭಟ್ಟಿಗೆ ಒಪ್ಪಿಗೆ ಕೊಡಲಿಲ್ಲ. ನಮ್ಮ ದೇಶದಲ್ಲೇ ಮಧ್ಯಪ್ರದೇಶ, ಛತ್ತೀಸಗಢದಲ್ಲಿ ಆದಿವಾಸಿಗಳು ತಮ್ಮ ಮನೆಗೆ, ಹಬ್ಬಕ್ಕೆ ಮಹುವಾ ಹೂವಿನ ಮದ್ಯ ಮಾಡಿಕೊಳ್ಳಲು ವಿನಾಯಿತಿ ಇದೆ. ಅದು ಅವರ ದೇವರು, ಅವರ ಮದುವೆಗೆ ಸೇರಿದ ಪದಾರ್ಥ. ಗೋವಾದಲ್ಲಿ ಗೇರುಹಣ್ಣಿನ ಫೆನಿ ಇಳಿಸುತ್ತಾರೆ, ಲೈಸೆನ್ಸ್ ತಗೊಂಡು ಇಳಿಸುತ್ತಾರೆ. ಮದ್ಯ ರಾಜ್ಯದ ವಿಷಯ ಆಗಿರುವುದರಿಂದ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು. ಮಂಡ್ಯದಲ್ಲಿ ಕೂತವನಿಗೆ ಅನ್ವಯ ಆಗುವುದು ಕರ್ನಾಟಕದ್ದು.

ಭಟ್ಟಿ ಇಳಿಸುವ ವಿದ್ಯೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ ನಡೆದದ್ದೇ ಇದರಿಂದ. ಕಾಯಿಸು, ಆವಿ ಹಿಡಿ, ತಣಿಸು. ನಿಂಬೆಹುಲ್ಲಿನ ಎಣ್ಣೆ ತೆಗೆಯುವುದಕ್ಕೆ, ಲ್ಯಾಬಿಗೆ ಬೇಕಾದ ಶುದ್ಧ ನೀರು ಮಾಡುವುದಕ್ಕೆ ಈ ಉಪಕರಣ ಇಟ್ಟುಕೊಂಡವರ ಮೇಲೆ ಅಬಕಾರಿ ಕೇಸು ಆಗುವುದಿಲ್ಲ. ಕಾಯ್ದೆ ಕೇಳುವುದು ಯಾವುದಕ್ಕೆ ಇಟ್ಟುಕೊಂಡಿದ್ದೀಯ ಅಂತ. ಪಕ್ಕದಲ್ಲಿ ಬೆಲ್ಲದ ಕೊಳೆ ಇದ್ದರೆ ಉತ್ತರ ಹೇಳುವುದು ಕಷ್ಟ.

ನಮ್ಮ ಸೀಮೆಯವರು ಮರೆಯಬಾರದ ಇನ್ನೊಂದು ಕಥೆ ಇದೆ. ನೀರಾ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ರೋಗ ಬಂತು. ಕಾಯಿ ಸಣ್ಣಗಾದವು, ಸಿಪ್ಪೆ ಬಿರುಕು ಬಿಟ್ಟವು, ಮಂಡ್ಯ, ಮದ್ದೂರು, ಚನ್ನಪಟ್ಟಣದ ಕಡೆ ತೆಂಗು ನಂಬಿದವರು ನೆಲಕ್ಕೆ ಕೂತರು. ಕಾಯಿ ಹೋದರೆ ಹೋಗಲಿ, ಹೊಂಬಾಳೆ ಸೀಳಿ ನೀರಾ ಇಳಿಸಿ ಮಾರುತ್ತೇವೆ ಅಂದರು ರೈತರು. ನೀರಾದಲ್ಲಿ ಅಮಲಿಲ್ಲ. ಬೆಳಗಿನ ಜಾವ ಇಳಿಸಿ ತಣ್ಣಗೆ ಇಟ್ಟರೆ ಅದು ಸಿಹಿ ನೀರು. ಆದರೆ ಅಬಕಾರಿ ಕಾಯ್ದೆ ಹುಳಿ ಬಂದ ರಸ, ಬಾರದ ರಸ ಎರಡನ್ನೂ ಸೇಂದಿ ಅಂತಲೇ ಲೆಕ್ಕ ಹಾಕುತ್ತಿತ್ತು. ಹೋರಾಟ ಜೋರಾಯಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಸಿಹಿ ನೀರಿಗಾಗಿ ಎರಡು ಜೀವ. ವರ್ಷಗಳು ಕಳೆದ ಮೇಲೆ ಸರ್ಕಾರ ನೀರಾಗೆ ಲೈಸೆನ್ಸಿನ ದಾರಿ ಮಾಡಿಕೊಟ್ಟಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಅಬಕಾರಿ ಕಾನೂನು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಜನ ಒಟ್ಟಾಗಿ ಕೇಳಿದರೆ ಬದಲಾಗುತ್ತದೆ, ಬದಲಾಗಿದೆ. ಸಾರಾಯಿ ನಿಷೇಧವೂ ಹಾಗೇ ಬಂತು. ಪ್ಯಾಕೆಟ್ ಸಾರಾಯಿ ವಿರುದ್ಧ ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಬೀದಿಗೆ ಇಳಿದಿದ್ದರು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಈಗಿನ ಕಾಯ್ದೆಯಲ್ಲಿ ಒಂದು ಅನ್ಯಾಯ ಇದೆ. ಲಾರಿಯಲ್ಲಿ ಸ್ಪಿರಿಟ್ ಸಾಗಿಸುವ ದಂಧೆಯವನಿಗೂ, ಮಡಕೆಯಲ್ಲಿ ಒಂದು ಬಾಟಲಿ ಇಳಿಸಿದ ಕೂಲಿಯವನಿಗೂ ಕನಿಷ್ಠ ಶಿಕ್ಷೆ ಒಂದೇ. ದಂಧೆಯವನಿಗೆ ದೊಡ್ಡ ವಕೀಲರು ಸಿಗುತ್ತಾರೆ. ಕೂಲಿಯವನ ಹೆಂಡತಿ ಮಾಂಗಲ್ಯ ಅಡ ಇಟ್ಟು ನನ್ನಂಥವರ ಹತ್ತಿರ ಬರುತ್ತಾಳೆ. ಇದು ಬದಲಾಗಬೇಕು, ಶಾಸಕರನ್ನು ಕೇಳಬೇಕು. ಅಂಗಡಿಯ ಅಗ್ಗದ ಮದ್ಯದ ಬೆಲೆ ಏರಿದಾಗಲೆಲ್ಲ ಕಳ್ಳಭಟ್ಟಿಯ ಕಡೆ ಕಣ್ಣು ಹೋಗುತ್ತದೆ ಅನ್ನುವುದನ್ನೂ ಆಳುವವರು ತಿಳಿದುಕೊಳ್ಳಬೇಕು. ಆದರೆ ಅದು ಬದಲಾಗುವ ತನಕ ಒಲೆ ಹಚ್ಚಿದವನನ್ನು ಕಾಯ್ದೆ ಬಿಡುವುದಿಲ್ಲ.

ಕೇಸು ಆಗಿಯೇ ಹೋಯಿತು ಅನ್ನಿ. ಆಗ ಹೆದರಿ ಓಡಿಹೋಗಬೇಡಿ. ಓಡಿದವನು ತಲೆಮರೆಸಿಕೊಂಡವನು ಅಂತ ದಾಖಲೆಯಾಗುತ್ತಾನೆ, ಆಮೇಲೆ ಜಾಮೀನು ಇನ್ನೂ ಕಷ್ಟ. ಖಾಲಿ ಹಾಳೆಗೆ ರುಜು ಹಾಕಬೇಡಿ. ಓದಲು ಬರದಿದ್ದರೆ ಓದಿ ಹೇಳಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಪಂಚರಾಗಿ ಕರೆದಾಗಲೂ ಅಷ್ಟೇ, ಕಣ್ಣಾರೆ ಕಂಡದ್ದಕ್ಕೆ ಮಾತ್ರ ರುಜು ಹಾಕಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಮಂಡ್ಯದಲ್ಲೂ ಇದೆ, ಮೈಸೂರಿನಲ್ಲೂ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ.

ಮೈಸೂರಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬ ಹುಡುಗಿ ಎದ್ದು ಕೇಳಿದಳು. "ಸಾರ್, ನಮ್ಮ ಆಫೀಸಿನಲ್ಲಿ ಒಬ್ಬರು ಆಂಟಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡ್ತಾರೆ. ಭರಣಿಯಲ್ಲಿ ಹಾಕಿಟ್ಟಿರ್ತಾರೆ, ಭಟ್ಟಿ ಏನಿಲ್ಲ. ಅದೂ ತಪ್ಪಾ?"

ಭಟ್ಟಿ ಇಲ್ಲದಿರುವುದರಿಂದ ಅಪಾಯ ಕಡಿಮೆ, ಅದು ಸರಿ. ಆದರೆ ಕಾಯ್ದೆಯ ಪ್ರಕಾರ ವೈನೂ ಮದ್ಯವೇ. ಅಮಲಿರುವ ಯಾವುದೇ ದ್ರವ ಅದರ ಒಳಗೆ ಬರುತ್ತದೆ, ಮನೆಯವರಿಗೆ ಅಂತ ಪ್ರತ್ಯೇಕ ವಿನಾಯಿತಿ ಇಲ್ಲ. ಹಬ್ಬಕ್ಕೆ ಇಟ್ಟ ಒಂದು ಭರಣಿಯನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ ಅಂತ ಜನ ನಂಬಿಕೊಂಡಿದ್ದಾರೆ. ದಾಳಿ ಆಗದೆ ಇರುವುದು ಬೇರೆ, ಕಾನೂನು ಒಪ್ಪಿರುವುದು ಬೇರೆ. ಕೇರಳದಲ್ಲಿ 2019ರ ಡಿಸೆಂಬರಿನಲ್ಲಿ, ಸರಿಯಾಗಿ ಕ್ರಿಸ್‌ಮಸ್ ಮುಂಚೆ, ಮನೆಯಲ್ಲಿ ವೈನ್ ಮಾಡುವುದು ಅಪರಾಧ ಅಂತ ಅಲ್ಲಿನ ಅಬಕಾರಿ ಇಲಾಖೆ ಸುತ್ತೋಲೆಯನ್ನೇ ಹೊರಡಿಸಿತ್ತು. ಆ ಆಂಟಿಗೆ ಒಂದು ಮಾತು ಹೇಳಮ್ಮ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ "ಹೋಮ್ ಮೇಡ್ ವೈನ್, ಬಾಟಲಿಗೆ ಇಷ್ಟು" ಅಂತ ಮಾತ್ರ ಹಾಕಬೇಡಿ ಅಂತ. ತಯಾರಿಕೆಯ ಜೊತೆ ಮಾರಾಟವೂ ಸೇರಿಕೊಳ್ಳುತ್ತದೆ, ಸಾಕ್ಷಿಯನ್ನು ಅವರೇ ಬರೆದುಕೊಟ್ಟ ಹಾಗೆ.

ಆಲೆಮನೆ ನಡೆಸುವ ಒಬ್ಬರು ಕೇಳಿದರು. "ಕರೀ ಬೆಲ್ಲ ತಗೊಂಡು ಹೋಗ್ತಾರೆ ಸ್ವಾಮಿ. ಯಾಕೆ ಅಂತ ನಾವು ಕೇಳೋದಾ? ನಮ್ಮ ಮೇಲೂ ಬರುತ್ತಾ?"

ಬೆಲ್ಲ ಮಾರುವುದು ಅಪರಾಧ ಅಲ್ಲ. ದನಕ್ಕೆ ಹಾಕುವವರಿದ್ದಾರೆ, ಜೀವಾಮೃತಕ್ಕೆ ಒಯ್ಯುವವರಿದ್ದಾರೆ. ಆದರೆ ಭಟ್ಟಿಗೇ ಹೋಗುತ್ತದೆ ಅಂತ ಗೊತ್ತಿದ್ದೂ ವಾರವಾರ ಮೂಟೆ ಕೊಡುತ್ತಿದ್ದರೆ, ಸಹಾಯ ಮಾಡಿದ ಆರೋಪ ಬರಬಹುದು. ಬಿಲ್ಲು ಬರೆದು ಕೊಡಿ, ಹೆಸರು ಊರು ಬರೆದುಕೊಳ್ಳಿ. ಬಿಲ್ಲು ಬೇಡ ಅನ್ನುವ ಗಿರಾಕಿ ನಿಮಗೂ ಬೇಡ.

ಕುಡಿದವರಿಗೆ ಹೆಚ್ಚುಕಮ್ಮಿ ಆದರೆ ಏನು ಮಾಡಬೇಕು ಅಂತ ಆಶಾ ಕಾರ್ಯಕರ್ತೆ ಒಬ್ಬರು ಕೇಳಿದರು. ಎಲ್ಲರೂ ಕೇಳಲೇಬೇಕಿದ್ದ ಪ್ರಶ್ನೆ ಅದು. ಮೆಥನಾಲ್ ವಿಷ ಕುಡಿದ ತಕ್ಷಣ ಗೊತ್ತಾಗುವುದಿಲ್ಲ. 12ರಿಂದ 24 ಗಂಟೆ ಆದ ಮೇಲೂ ತೋರಿಸಿಕೊಳ್ಳಬಹುದು. ವಾಂತಿ, ಹೊಟ್ಟೆನೋವು, ಏದುಸಿರು. ಕಣ್ಣು ಮಂಜಾಗುತ್ತಿದೆ, ಬೆಳ್ಳಗೆ ಕಾಣುತ್ತಿದೆ ಅಂದರೆ ಒಂದು ನಿಮಿಷ ತಡ ಮಾಡಬೇಡಿ. ಮಜ್ಜಿಗೆ ಕುಡಿಸಿ, ಅಮಲು ಇಳಿಯುತ್ತದೆ ಅಂತ ಮಲಗಿಸಿಬಿಡುತ್ತಾರೆ, ಅಲ್ಲೇ ಜೀವ ಹೋಗುವುದು. 108ಕ್ಕೆ ಫೋನ್ ಮಾಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ಏನು ಕುಡಿದದ್ದು, ಎಷ್ಟು ಹೊತ್ತಿಗೆ ಅನ್ನುವುದನ್ನು ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ವಿಷವನ್ನು ತಡೆಯುವ ಔಷಧ ಇದೆ, ಡಯಾಲಿಸಿಸ್ ಮಾಡುತ್ತಾರೆ. ಬೇಗ ಹೋದವರು ಉಳಿದಿದ್ದಾರೆ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಹೋಗಲಿ. ಅದಕ್ಕೆ ಹೆದರಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಜೊತೆಯಲ್ಲಿ ಕುಡಿದವರು ಯಾರ್ಯಾರು ಅಂತ ಕೇಳಿ, ಅವರು ಚೆನ್ನಾಗೇ ಇದ್ದರೂ ಆಸ್ಪತ್ರೆಗೆ ಕಳಿಸಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದರು. "ಎಲ್ಲಿ ಇಳಿಸ್ತಾರೆ ಅಂತ ನಮಗೆ ಗೊತ್ತು ಕಣಪ್ಪ. ಹೇಳಿದ್ರೆ ನಾಳೆ ಅವರೇ ಬಂದು ನಮ್ಮನೆ ಮುಂದೆ ನಿಂತ್ಕೋತಾರೆ. ನಮ್ಮ ಹೆಸರು ಹೊರಗೆ ಬರುತ್ತಾ?"

ಅಮ್ಮ, ನಿಮ್ಮ ಹೆಸರು ಹೇಳಲೇಬೇಕು ಅಂತ ಇಲ್ಲ. ಸುಮ್ನೆ ಧೈರ್ಯಕ್ಕೆ ಹೇಳುತ್ತಿಲ್ಲ, ಸಾಕ್ಷ್ಯ ಕಾನೂನಿನಲ್ಲೇ ಇದೆ. ಅಪರಾಧದ ಸುದ್ದಿ ಯಾರಿಂದ ಬಂತು ಅಂತ ಹೇಳು ಅಂತ ಪೊಲೀಸರನ್ನು ಯಾರೂ ಒತ್ತಾಯ ಮಾಡುವ ಹಾಗಿಲ್ಲ, ಕೋರ್ಟಿನಲ್ಲೂ ಇಲ್ಲ. ಸರ್ಕಾರದ ಆದಾಯಕ್ಕೆ ಸಂಬಂಧಪಟ್ಟ ಅಪರಾಧದಲ್ಲಿ ಅಬಕಾರಿಯವರಂಥ ಕಂದಾಯ ಅಧಿಕಾರಿಗಳಿಗೂ ಅದೇ ರಕ್ಷಣೆ ಇದೆ. 112ಕ್ಕೆ ಫೋನ್ ಮಾಡಬಹುದು, ತಾಲ್ಲೂಕಿನ ಅಬಕಾರಿ ಕಚೇರಿಗೆ ಹೇಳಬಹುದು. ಒಬ್ಬರೇ ಹೇಳಲು ಭಯ ಅನಿಸಿದರೆ ಸಂಘದ ಹೆಸರಿನಲ್ಲಿ ಅರ್ಜಿ ಬರೆಯಿರಿ, ಬರೆದುಕೊಡುವ ಕೆಲಸ ನನ್ನದು. ಬರೀ "ನಮ್ಮೂರಲ್ಲಿ ಕಳ್ಳಭಟ್ಟಿ ಇದೆ" ಅಂದರೆ ಅವರು ಬಂದು ಸುತ್ತಿ ಹೋಗುತ್ತಾರೆ. ಯಾರ ಗದ್ದೆ, ನಾಲೆಯ ಯಾವ ತೂಬಿನ ಹತ್ತಿರ, ಹೊಗೆ ಏಳುವುದು ರಾತ್ರಿ ಎಷ್ಟು ಹೊತ್ತಿಗೆ, ಇವಿಷ್ಟನ್ನು ಹೇಳಿ.